ಕಿಟಕಿಯಲ್ಲಿ ಕಂಡ ತೊಗರಿಬೇಳೆ

ನನ್ನದೊಂದು ಪುಟ್ಟ ವೆಬ್‌ಸೈಟ್ ಇದೆ. ಓದುವವರು ನಾಲ್ಕು ಜನ, ಅದರಲ್ಲಿ ಮೂವರು ನೆಂಟರು. ಬರೆದದ್ದನ್ನೇ ಅಲ್ಲಿ ಮತ್ತೆ ಟೈಪ್ ಮಾಡಲು ಸೋಮಾರಿತನವಾಗಿ ನೋಟ್ಸ್ ಆ್ಯಪಿನ ಪುಟವನ್ನೇ ಐಫ್ರೇಮಿನಲ್ಲಿ ಕೂರಿಸಿದೆ. ಐಫ್ರೇಮ್ ಅಂದರೆ 1997ರ ಎಚ್‌ಟಿಎಂಎಲ್ 4.0ರಲ್ಲೇ ಇದ್ದ ಹಳೇ ಕಿಟಕಿ. ನಮ್ಮ ಗೋಡೆಗೆ ತೂತು ಕೊರೆದು ಪಕ್ಕದ ಮನೆಯ ಟಿವಿ ನೋಡಿದ ಹಾಗೆ. ಕೆಲವು ಸೈಟುಗಳು ಒಳಗಿನಿಂದ ಪರದೆ ಎಳೆದುಬಿಡುತ್ತವೆ, ಆಗ ಕಾಣುವುದು ಬರೀ ಖಾಲಿ ಚೌಕ. ನನ್ನ ನೋಟ್ಸ್ ಆ್ಯಪ್ ಎಳೆಯಲಿಲ್ಲ. ಎಳೆದಿದ್ದರೆ ಮರ್ಯಾದೆ ಉಳಿಯುತ್ತಿತ್ತು.

ಕಿಟಕಿ ಫೋಟೋ ಅಲ್ಲವಲ್ಲ! ಆಚೆ ಬರೆದದ್ದು ಈಚೆಗೂ ಬಂದುಬಿಡುತ್ತದೆ. ಅದನ್ನು ಮರೆತು, ಮಲೆನಾಡಿನ ಮಳೆಯ ಬಗ್ಗೆ ಬರೆದಿದ್ದ ಪ್ರಬಂಧದ ಕೆಳಗೇ ಅವಸರದಲ್ಲಿ ಗೀಚಿಕೊಂಡೆ: ತೊಗರಿಬೇಳೆ 2 ಕೆಜಿ, ಇಂಗು, ಗ್ಯಾಸ್ ಬುಕಿಂಗ್, ಭಾವ ದುಡ್ಡು ಕೇಳಿದರೆ ಊರಲ್ಲಿಲ್ಲ ಅನ್ನುವುದು.

ಆ ಮೂವರು ನೆಂಟರಲ್ಲಿ ಭಾವನೂ ಒಬ್ಬರು. ಸಂಜೆ ಫೋನ್ ಬಂತು.

"ಪ್ರಬಂಧ ಚೆನ್ನಾಗಿದೆ ಕಣಯ್ಯಾ, ಕೊನೇ ಸಾಲಂತೂ ಬಹಳ ಸಹಜವಾಗಿ ಬಂದಿದೆ. ಊರಿಗೆ ಯಾವಾಗ ವಾಪಸ್ಸು?"

ಈಗ ದಿನಸಿ ಪಟ್ಟಿಯನ್ನು ಕ್ಯಾಲೆಂಡರಿನ ಹಿಂಬದಿ ಬರೆಯುತ್ತಿದ್ದೇನೆ. ಭಾವ ಮನೆಗೆ ಬಂದಾಗ ಹಾಳೆ ತಿರುಗಿಸದಿದ್ದರೆ ಸಾಕು.