ಮಕ್ಕಳ ಜತೆ ಚರ್ಚಿಸಿ, ತೀರ್ಪು ಮೊದಲೇ ಬರೆದಿಡಿ

ಅಮೆರಿಕದಲ್ಲಿ ಮಕ್ಕಳ ಸಿನಿಮಾವೊಂದು ವಿವಾದಕ್ಕೆ ಸಿಕ್ಕಾಗಲೆಲ್ಲ ಕ್ರೈಸ್ತ ಅಪ್ಪ ಅಮ್ಮಂದಿರಿಗೆ ಒಂದು ಹಿತವಚನ ಸಿಗುತ್ತದೆ: ಮನೆಮಂದಿಯೆಲ್ಲ ಕೂತು ಚರ್ಚಿಸಿ. ಹಿತವಚನವೇನೋ ಸರಿ. ಆದರೆ ಚರ್ಚೆಯೆಂದರೆ ಮಕ್ಕಳೂ ಬಾಯಿ ತೆರೆಯುವ ಅಪಾಯವಿದೆ. ಅದನ್ನು ತಪ್ಪಿಸಲು ಹಿರಿಯರು ನಡೆದು ತೋರಿಸಿದ ದಾರಿಗಳು ಹೀಗಿವೆ.

ಮೊದಲನೆಯದು, ಸಿನಿಮಾ ನೋಡಬೇಡಿ. ನೋಡಿದರೆ ಅಭಿಪ್ರಾಯ ಕೆಟ್ಟೀತು. 2007ರಲ್ಲಿ 'ದಿ ಗೋಲ್ಡನ್ ಕಂಪಾಸ್' ತೆರೆಗೆ ಬರುವ ಮೊದಲೇ ಕ್ಯಾಥೊಲಿಕ್ ಲೀಗ್ ಎಂಬ ಸಂಘಟನೆ ಬಹಿಷ್ಕಾರಕ್ಕೆ ಕರೆ ಕೊಟ್ಟು, ಕಿರುಹೊತ್ತಗೆಯನ್ನೂ ಅಚ್ಚು ಹಾಕಿಸಿತ್ತು. ಮೂಲ ಕಾದಂಬರಿ ಬರೆದ ಫಿಲಿಪ್ ಪುಲ್ಮನ್ ನಾಸ್ತಿಕ, ನಿಜ. ಆದರೆ ಚರ್ಚಿಗೆ ಚುಚ್ಚುವ ಭಾಗಗಳನ್ನು ಸಿನಿಮಾದವರೇ ತೆಗೆದಿದ್ದರಲ್ಲ? ಲೀಗಿನ ದೃಷ್ಟಿಯಲ್ಲಿ ಅದೇ ಮೋಸ: ಸಪ್ಪೆ ಸಿನಿಮಾ ನೋಡಿದ ಮಗು ಖಾರದ ಪುಸ್ತಕ ಕೊಡಿಸು ಎಂದು ಹಟ ಹಿಡಿದೀತು! ಮಕ್ಕಳು ಪುಸ್ತಕವನ್ನೇ ಮುಟ್ಟುವುದಿಲ್ಲ ಎಂದು ಲೋಕವೆಲ್ಲ ಗೋಳಿಡುವಾಗ, ಎಲ್ಲಿ ಓದಿಬಿಡುತ್ತಾರೋ ಎಂದು ಹೆದರುವವರೂ ಇದ್ದರೆಂಬುದು ಸಮಾಧಾನದ ಸಂಗತಿ. ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳ ಒಕ್ಕೂಟದ ವಿಮರ್ಶಕರು ಮಾತ್ರ ಸಿನಿಮಾವನ್ನು ನೋಡಿಯೇಬಿಟ್ಟರು, ಮೆಚ್ಚಿ ಬರೆದೂಬಿಟ್ಟರು. ಗದ್ದಲವೆದ್ದು, ಡಿಸೆಂಬರಿನಲ್ಲೇ ಆ ವಿಮರ್ಶೆಯನ್ನು ಹಿಂತೆಗೆದುಕೊಳ್ಳಲಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನಬೇಕಾದವರು ಕೊಟ್ಟಿಗೆಗೇ ಹೋಗಿ ನೋಡಿ ಬಂದರೆ ಇದೇ ಗತಿ.

ಈ ಹೊತ್ತಿನಲ್ಲಿ ರೋವನ್ ವಿಲಿಯಮ್ಸ್ ಹೆಸರನ್ನು ತಪ್ಪಿಯೂ ಎತ್ತಬೇಡಿ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದಾಗಲೇ ಅವರು ಪುಲ್ಮನ್ ಕಾದಂಬರಿಗಳ ನಾಟಕರೂಪ ನೋಡಿ ಮೆಚ್ಚಿದರು. 2004ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅದೇ ನಾಸ್ತಿಕನ ಜತೆ ಕೂತು ಮಾತಾಡಿದರು. ಅವರ ಚರ್ಚ್ ಆಫ್ ಇಂಗ್ಲೆಂಡಿನ ಒಂದು ಹೆಂಚೂ ಜಾರಲಿಲ್ಲ. ಇಂಥ ಉದಾಹರಣೆಗಳು ಮಕ್ಕಳ ಕಿವಿಗೆ ಬೀಳಬಾರದು.

ಎರಡನೆಯದು, ಬಹಿಷ್ಕಾರ ಹಾಕಿ, ಲೆಕ್ಕ ಕೊಡಬೇಡಿ. 1997ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಪಂಗಡದ ಮಹಾಸಭೆ ಡಿಸ್ನಿಯನ್ನು ಬಹಿಷ್ಕರಿಸಿತು. ಸಲಿಂಗಿ ಉದ್ಯೋಗಿಗಳ ಸಂಗಾತಿಗಳಿಗೂ ಕಂಪನಿ ಆರೋಗ್ಯ ವಿಮೆ ಕೊಡುತ್ತದೆ ಎಂಬುದು ದೂರುಗಳಲ್ಲೊಂದು. ಹಾಗಾಗಿ ಮಕ್ಕಳಿಗೆ ಮಿಕ್ಕಿ ಮೌಸ್ ಬಂದ್. ಅಪ್ಪನಿಗೆ ಫುಟ್‌ಬಾಲ್ ತೋರಿಸುವ ಇಎಸ್‌ಪಿಎನ್ ಕೂಡ ಡಿಸ್ನಿಯದೇ ಎಂದು ಮಗು ಪತ್ತೆ ಹಚ್ಚಿದರೆ, ಹೋಮ್‌ವರ್ಕ್ ಆಯಿತಾ ಎಂದು ಕೇಳಿ. 2005ರ ಜೂನಿನಲ್ಲಿ ಬಹಿಷ್ಕಾರ ಮುಗಿಯಿತು; ಡಿಸೆಂಬರಿನಲ್ಲಿ ಡಿಸ್ನಿಯ ನಾರ್ನಿಯಾ ಚಿತ್ರ ಬಂತು. ಚರ್ಚುಗಳೇ ಟಿಕೆಟ್ ಖರೀದಿಸಿ ಜನರನ್ನು ಕರೆದೊಯ್ದವು. ಆ ಚಿತ್ರದ ಶೀರ್ಷಿಕೆಯಲ್ಲೇ ಮಾಟಗಾತಿ ಕೂತಿದ್ದಾಳೆ. "ಅಪ್ಪಾ, ಹ್ಯಾರಿ ಪಾಟರ್‌ನಲ್ಲಿ ಮಾಟ ಇದೆ, ಬೇಡ ಅಂದಿದ್ದೆಯಲ್ಲ?" ಎಂದರೆ, ಇದನ್ನು ಬರೆದ ಸಿ. ಎಸ್. ಲೂಯಿಸ್ ನಮ್ಮವರು ಎನ್ನಿ. ಮಂತ್ರ ಯಾವುದಾದರೇನು, ಮಂತ್ರವಾದಿಯ ಮನೆತನ ಮುಖ್ಯ.

ಮೂರನೆಯದು, ಸುರಕ್ಷಿತವಾದದ್ದನ್ನೇ ತೋರಿಸಿ. 'ವೆಜ್ಜಿಟೇಲ್ಸ್' ಎಂಬ ಕಾರ್ಟೂನ್ ಇದೆ, ಟೊಮೆಟೊ, ಸೌತೆಕಾಯಿಗಳು ಬೈಬಲ್ ಕಥೆ ಹೇಳುತ್ತವೆ. ದಾವೀದ ರಾಜ ಬತ್ಷೆಬೆಯನ್ನು ಬಯಸಿ, ಅವಳ ಗಂಡ ಊರೀಯನನ್ನು ಸಾಯಲೆಂದೇ ಯುದ್ಧದ ಮುಂಚೂಣಿಗೆ ನೂಕಿಸಿದ್ದು ಬೈಬಲಿನ ಕಥೆ. 2000ದಲ್ಲಿ ಬಂದ ತರಕಾರಿ ಆವೃತ್ತಿಯಲ್ಲಿ ರಾಜ ಬಯಸುವುದು ಹುಡುಗನೊಬ್ಬನ ರಬ್ಬರ್ ಬಾತುಕೋಳಿಯನ್ನು. ಯುದ್ಧದಲ್ಲಿ ಎರಚಾಡುವುದು ಪೈ ತಿನಿಸನ್ನು. ಬೈಬಲನ್ನು ಇದ್ದದ್ದು ಇದ್ದಂತೆ ಸಿನಿಮಾ ಮಾಡಿದರೆ ಬಹಿಷ್ಕಾರದ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ.

ಅಂದಹಾಗೆ, ದಾವೀದನಿಗೆ ಬುದ್ಧಿ ಕಲಿಸಲು ಹೋದ ಪ್ರವಾದಿ ನಾತಾನ ಉಪದೇಶದಿಂದ ಶುರುಮಾಡಲಿಲ್ಲ. ಬಡವನ ಕುರಿಮರಿ ಕಿತ್ತುಕೊಂಡ ಸಿರಿವಂತನ ಕಥೆ ಹೇಳಿದ. ರಾಜ ಕೆಂಡವಾಗಿ, ಆ ಸಿರಿವಂತ ಸಾಯಲೇಬೇಕು ಎಂದ. ಕಥೆ ತನ್ನದೇ ಎಂದು ಗೊತ್ತಾದದ್ದು ತೀರ್ಪು ಕೊಟ್ಟ ಮೇಲೆ. ಹಾಗಾಗಿ ಕಥೆಗಳು ಅಪಾಯಕಾರಿ ಎಂಬ ನಿಮ್ಮ ಭಯ ನೂರಕ್ಕೆ ನೂರು ಸರಿ. ಅಪಾಯ ಯಾರಿಗೆ ಎಂಬುದೊಂದನ್ನು ಮಾತ್ರ ಮಕ್ಕಳ ಜತೆ ಚರ್ಚಿಸಬೇಡಿ.