ಪ್ರಶ್ನೆಗೆ ಬೀಗ, ಬಾಗಿಲಿಗೆ ಇಲ್ಲ

ಹುಡುಕು ತಾಣಗಳನ್ನು ನಡೆಸುವ ಕಂಪನಿಗಳಿಗೆ ಒಂದು ಬಹಿರಂಗ ಪತ್ರ



2004ರ ಡಿಸೆಂಬರ್ ನಿಮಗೆ ನೆನಪಿರಬೇಕು. ಆಗ ಹೊರಬಿದ್ದ ‘ಸ್ಯಾಂಟಿ’ ಎಂಬ ವರ್ಮ್ (ತಾನಾಗಿ ಹರಡುವ ಕುತಂತ್ರಾಂಶ), ತಾನು ನುಗ್ಗಬೇಕಾದ ಮನೆಗಳ ವಿಳಾಸವನ್ನು ಗೂಗಲ್‌ನಲ್ಲೇ ಕೇಳಿ ಪಡೆಯುತ್ತಿತ್ತು. ಪಿಎಚ್‌ಪಿಬಿಬಿ ಎಂಬ ಚರ್ಚಾ ವೇದಿಕೆ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ, ಹುಡುಕಿದ ಪದವನ್ನು ಎತ್ತಿ ತೋರಿಸುವ ‘ಹೈಲೈಟ್’ ಸೌಲಭ್ಯದಲ್ಲಿ ಒಂದು ತೂತಿತ್ತು. ವಿಳಾಸದಲ್ಲಿ ‘ವ್ಯೂಟಾಪಿಕ್’ ಎಂಬ ಪುಟದ ಹೆಸರಿರುವ ಸೈಟುಗಳನ್ನು ವರ್ಮ್ ಹುಡುಕಿಸುತ್ತಿತ್ತು. ಸಿಕ್ಕಿದ ಸೈಟಿಗೆ ಆ ತೂತಿನಿಂದ ನುಗ್ಗಿ, ಇದ್ದ ಪುಟಗಳ ಮೇಲೆ ತನ್ನ ಘೋಷಣೆ ಬರೆದು, ಅಲ್ಲಿಂದಲೇ ಮತ್ತೆ ಗೂಗಲ್‌ಗೆ ಹೋಗಿ ಮುಂದಿನ ಬಲಿಯನ್ನು ಕೇಳುತ್ತಿತ್ತು. ಸಾವಿರಾರು ಸೈಟುಗಳು ಹಾಳಾದವು. ಗೂಗಲ್ ಆ ಹುಡುಕು ಪ್ರಶ್ನೆಗಳನ್ನು ತಡೆದ ಮೇಲೆ ಹಾವಳಿ ತಗ್ಗಿತು. ಅದು ಸರಿಯಾದ ಕೆಲಸ, ಮೆಚ್ಚುತ್ತೇನೆ.

ಆದರೆ ಕೆಲವೇ ದಿನಗಳಲ್ಲಿ ಅದರ ಮರಿಗಳು ಯಾಹೂ, ಎಒಎಲ್ ಕಡೆ ತಿರುಗಿದವು. ಪ್ರಶ್ನೆಗೆ ಬೀಗ ಬಿದ್ದಿತ್ತು, ಸೈಟಿನ ಬಾಗಿಲು ತೆರೆದೇ ಇತ್ತು. ತೂತು ಮುಚ್ಚುವ 2.0.11 ಆವೃತ್ತಿ ನವೆಂಬರ್‌ನಲ್ಲೇ ಬಂದಿದ್ದರೂ ಎಷ್ಟೋ ಜನ ಹಾಕಿಕೊಂಡಿರಲಿಲ್ಲ.

ಇಂದಿಗೂ ಕಥೆ ಅದೇ, ಬೀಗ ಬೀಳುವುದು ಪ್ರಶ್ನೆಗೇ. ಸಣ್ಣ ಸಂಸ್ಥೆಯ ಸೈಟ್ ನೋಡಿಕೊಳ್ಳುವವನು ತನ್ನ ಯಾವ ಕಡತ ಹೊರಗೆ ಕಾಣುತ್ತಿದೆ ಎಂದು ನಾಲ್ಕಾರು ಸಲ ಹುಡುಕುವಷ್ಟರಲ್ಲಿ, ನೀನು ರೋಬೋಟ್ ಅಲ್ಲವೆಂದು ತೋರಿಸು ಎನ್ನುವ ಪುಟ ಬರುತ್ತದೆ. ನುಗ್ಗುವವನಿಗಾದರೆ ಬೇರೆ ದಾರಿಗಳಿವೆ. ನೆಟ್‌ಗೆ ತೆರೆದುಕೊಂಡ ಯಂತ್ರಗಳನ್ನು ಹುಡುಕಿಕೊಡುವ ಶೋಡಾನ್ 2009ರಿಂದಲೇ ಇದೆ. ತೂತಿರುವ ಸೈಟುಗಳನ್ನು ಹುಡುಕಿಕೊಡುವ ಪ್ರಶ್ನೆಗಳ, ಭದ್ರತಾ ತಜ್ಞ ಜಾನಿ ಲಾಂಗ್ ಆರಂಭಿಸಿದ ಸಂಗ್ರಹವನ್ನೂ ಯಾರು ಬೇಕಾದರೂ ಓದಬಹುದು.

ಹುಡುಕಾಟ ಕಾಪಾಡುವುದಕ್ಕೂ ಬೇಕು, ನಮ್ಮ ದೇಶದ್ದೇ ಒಂದು ಉದಾಹರಣೆ ಹೇಳುತ್ತೇನೆ. 2017ರ ಮೇ ತಿಂಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಒಂದು ವರದಿ ಹೊರತಂದಿತು. ನರೇಗಾ, ಪಿಂಚಣಿ ಯೋಜನೆಗಳದ್ದೂ ಸೇರಿ ನಾಲ್ಕು ಸರ್ಕಾರಿ ಪೋರ್ಟಲ್‌ಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಯಲಾಗಿರಬಹುದು ಎಂಬುದು ಅದರ ಅಂದಾಜು. ಯಾರೂ ಕನ್ನ ಹಾಕಿರಲಿಲ್ಲ, ಇಲಾಖೆಗಳೇ ಅವನ್ನು ಸಾರ್ವಜನಿಕ ಪುಟಗಳಲ್ಲಿ ಇಟ್ಟಿದ್ದವು. ಹುಡುಕುವವರು ಇದ್ದುದರಿಂದಲೇ ಅದು ಹೊರಬಂತು. ಹುಡುಕಾಟವನ್ನೇ ತಡೆದಿದ್ದರೆ ಕೂಲಿಕಾರರ, ವಿಧವೆಯರ, ವೃದ್ಧರ ಮಾಹಿತಿ ಇನ್ನೆಷ್ಟು ದಿನ ಹಾಗೇ ಬಿದ್ದಿರುತ್ತಿತ್ತೋ! ಈ ಮಾತು ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗೆಂದು ವರ್ಮ್‌ಗಳಿಗೆ ದಾರಿ ಬಿಡಿ ಎನ್ನುತ್ತಿಲ್ಲ. ತಡೆಯಿರಿ, ಜೊತೆಗೆ ತಿಳಿಸಿ. ಯಾವ ಸೈಟ್ ಯಾವ ಹಳೆಯ ತಂತ್ರಾಂಶದಲ್ಲಿ ಓಡುತ್ತಿದೆ ಎಂಬುದು ಎಷ್ಟೋ ಸಲ ಮಾಲೀಕನಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ಗೂಗಲ್ 2009ರಲ್ಲೇ ಸೈಟ್ ನಡೆಸುವವರಿಗೆ ಸಂದೇಶ ಕಳಿಸತೊಡಗಿತ್ತು. ಆದರೆ ಇಂಥ ಸಂದೇಶ ತಲುಪುವುದು ನಿಮ್ಮಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ. ಹಳ್ಳಿಯ ಸಹಕಾರ ಸಂಘದ ಸೈಟ್ ಮಾಡಿಕೊಟ್ಟ ಹುಡುಗ ಬೇರೆ ಕೆಲಸಕ್ಕೆ ಹೋಗಿರುತ್ತಾನೆ, ಪಾಸ್‌ವರ್ಡ್ ಯಾರ ಬಳಿಯೂ ಇರುವುದಿಲ್ಲ. ಕಾರ್ಯದರ್ಶಿಗೆ ಆ ಸಂದೇಶಗಳು ಬರುವ ಸರ್ಚ್ ಕನ್ಸೋಲ್‌ನ ಹೆಸರೇ ಗೊತ್ತಿರುವುದಿಲ್ಲ.

ಸುರಕ್ಷತೆಯ ವಿಷಯಕ್ಕೆ ಯಾರನ್ನು ಸಂಪರ್ಕಿಸಬೇಕೆಂದು ಸೈಟಿನಲ್ಲೇ ಬರೆದಿಡುವ ‘ಸೆಕ್ಯುರಿಟಿ ಟೆಕ್ಸ್ಟ್’ ಕಡತಕ್ಕೆ 2022ರಲ್ಲಿ ಒಂದು ಕ್ರಮ ನಿಗದಿಯಾಗಿದೆ. ಅದಿದ್ದರೆ ಅಲ್ಲಿಗೆ ಬರೆಯಿರಿ. ಇಲ್ಲದಿದ್ದರೆ, ಭಾರತದ ಅಂಥ ಸೈಟುಗಳ ಪಟ್ಟಿಯನ್ನು ದೇಶದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ಕಳಿಸಿ. ಮುಂದಿನ ಸಲ ಯಾವುದೇ ಪ್ರಶ್ನೆಯನ್ನು ತಡೆಯುವ ದಿನವೇ ಇದನ್ನೂ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಸಣ್ಣ ಸೈಟುಗಳನ್ನು ನೋಡಿಕೊಳ್ಳುವ ಒಬ್ಬ ಕನ್ನಡಿಗ