ಬಿಬವೇವಾಡೀಯ ಯಂತ್ರಚಾಂಚಲ್ಯ ಮೀಮಾಂಸೆ

ಪುಣೆಯ ದಕ್ಷಿಣಭಾಗದಲ್ಲಿ, ಸ್ವಾರಗೇಟಿನಿಂದ ಕಾತ್ರಜಕ್ಕೆ ಸಾಗುವ ಸಾತಾರಾ ರಸ್ತೆಯ ಪೂರ್ವಪಾರ್ಶ್ವದಲ್ಲಿ ನೆಲೆಗೊಂಡಿರುವ ಬಿಬವೇವಾಡಿಯ ಗ್ಯಾರೇಜುಗಳಲ್ಲಿ ಪ್ರಮಾಣಶಾಸ್ತ್ರದ ಚರ್ಚೆಯು ಇಂದಿಗೂ ಅವಿಚ್ಛಿನ್ನವಾಗಿ ನಡೆದುಬರುತ್ತಿರುವುದನ್ನು ನಮ್ಮ ದಾರ್ಶನಿಕರು ಗಮನಿಸದಿರುವುದು ಶೋಚನೀಯವಾದ ಸಂಗತಿ.

ಮೊದಲು ರೋಗಲಕ್ಷಣ. ಕಾರು ನಿಂತಲ್ಲೇ ನಿಂತಿರಲಾಗಿ, ಚಾಲಕನ ಪಾದವು ಪೆಡಲಿನ ವಿಷಯದಲ್ಲಿ ಸಂಪೂರ್ಣ ವಿರಕ್ತವಾಗಿರಲಾಗಿ, ನಿಮಿಷಕ್ಕೆ 800 ಸುತ್ತುಗಳ ಆಸುಪಾಸಿನಲ್ಲಿ ಶಾಂತವಾಗಿ ತಿರುಗಬೇಕಾದ ಎಂಜಿನ್ನು ತನ್ನಷ್ಟಕ್ಕೆ ತಾನೇ 1500ಕ್ಕೆ ಏರಿ, ಪಶ್ಚಾತ್ತಾಪಗೊಂಡಂತೆ ಇಳಿದು, ಪಶ್ಚಾತ್ತಾಪಕ್ಕೂ ಪಶ್ಚಾತ್ತಾಪಪಟ್ಟು ಮತ್ತೆ ಏರುವುದು. ಲೌಕಿಕರು ಇದಕ್ಕಾಗಿ ಪ್ಲಗ್ಗು, ಪೆಟ್ರೋಲು, ಶನೈಶ್ಚರ ಈ ಮೂವರನ್ನು ಅನುಕ್ರಮವಾಗಿ ದೂಷಿಸುವರು.

ಆದರೆ ಗೌತಮನ ನ್ಯಾಯದರ್ಶನವು ಅಂಗೀಕರಿಸಿದ ಪ್ರತ್ಯಕ್ಷಾದಿ ನಾಲ್ಕು ಪ್ರಮಾಣಗಳಲ್ಲಿ, ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಂಬ ಪೆಟ್ಟಿಗೆಗೆ ದಕ್ಕಿರುವುದು ಶಬ್ದವೊಂದೇ. ಗಾಳಿಯನ್ನು ಕಂಡರಿಯದ, ಪೆಟ್ರೋಲನ್ನು ಮೂಸಿಯೂ ಅರಿಯದ ಈ ಏಕಾಂತವಾಸಿಯು, ಗಾಳಿಯ ಕವಾಟ ಎಷ್ಟು ತೆರೆದಿದೆಯೆಂದು ವರದಿಮಾಡುವ ಥ್ರಾಟಲ್ ಸೆನ್ಸರಿಗೆ 5 ವೋಲ್ಟನ್ನು ದಕ್ಷಿಣೆಯಾಗಿ ಕೊಟ್ಟು, ಕವಾಟ ಮುಚ್ಚಿದಾಗ ಸುಮಾರು ಅರ್ಧ ವೋಲ್ಟು, ಪೂರ್ತಿ ತೆರೆದಾಗ ನಾಲ್ಕೂವರೆಯ ಸಮೀಪ ಮರಳಿಬಂದುದನ್ನೇ ಆಪ್ತವಾಕ್ಯವೆಂದು ನಂಬಿ ಇಂಧನವನ್ನು ವಿಧಿಸುತ್ತದೆ. ಆಪ್ತನು ಕ್ಷಣಕ್ಕೊಂದು ನುಡಿದರೆ ಆಜ್ಞೆಯೂ ಕ್ಷಣಕ್ಕೊಂದು. ಪಾಪ, ಎಂಜಿನ್ನು ಕೇವಲ ವಿಧೇಯ.

ಇಲ್ಲಿ ಎರಡು ಪಂಥಗಳು. ಪರಿವರ್ತನವಾದಿಗಳು ಸ್ಕ್ಯಾನರಿನಲ್ಲಿ ಪಿ0122 ಎಂಬ ದೋಷಸೂತ್ರವು ದರ್ಶನವಿತ್ತೊಡನೆ ಹೊಸ ಸೆನ್ಸರನ್ನು ತರಿಸುವರು. ಸೂತ್ರವಾದರೋ ಥ್ರಾಟಲ್ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜು ಕಡಿಮೆಯಾಗಿದೆ ಎಂದಷ್ಟೇ ಹೇಳಿ, ತಪ್ಪು ಸಾಕ್ಷಿಯದೋ ಸಾಕ್ಷ್ಯವನ್ನು ಹೊತ್ತು ತಂದ ತಂತಿಯದೋ ಎಂಬ ವಿಷಯದಲ್ಲಿ ಮೌನವಹಿಸುತ್ತದೆ. ತಪ್ಪು ತಂತಿಯದಾಗಿದ್ದರೆ, ಹೊಸ ಸೆನ್ಸರು ಕೂತ ಮೇಲೂ ಎಂಜಿನ್ನು ಹಳೆಯ ನರ್ತನವನ್ನೇ ಮುಂದುವರಿಸುವುದು.

ತಂತುವಾದಿಗಳು ಮಲ್ಟಿಮೀಟರನ್ನು ಸಿಗ್ನಲ್ ತಂತಿಗೆ ಹಚ್ಚಿ, ವೈರಿಂಗಿನ ಕಟ್ಟನ್ನು ಗೇಣುಗೇಣಾಗಿ ಅಲುಗಾಡಿಸುತ್ತ ಹೋಗುವರು. ಎಲ್ಲಿ ಅಂಕಿ ಜಿಗಿಯಿತೋ ಅಲ್ಲಿಯೇ ರೋಗಸ್ಥಾನ. ಅಲ್ಲಿ ದೊರೆಯುವುದು ಮಳೆನೀರು ಹೊಕ್ಕ ಕನೆಕ್ಟರಿನ ಹಸಿರು ಕಿಲುಬು, ಇಲ್ಲವೇ ಸಡಿಲಗೊಂಡ ಅರ್ಥಿಂಗ್ (ಇದೊಂದು ಕೆಟ್ಟರೆ ಹಲವು ಸೆನ್ಸರುಗಳು ಒಮ್ಮತದಿಂದ ಸುಳ್ಳಾಡುವುವು), ಇಲ್ಲವೇ ಹಲ್ಲಿನ ಗುರುತು. ಸಮೀಪದ ಮಾರ್ಕೆಟ್ ಯಾರ್ಡಿನ ಧಾನ್ಯಸಮೃದ್ಧಿಯನ್ನು ಬಿಟ್ಟು ತಂತಿಯ ಹೊದಿಕೆಯನ್ನೇ ಮೂಷಿಕನು ಮೆಲ್ಲುವುದೇಕೆಂಬ ಪ್ರಶ್ನೆಯನ್ನು ಗಣೇಶೋತ್ಸವದ ಈ ನಗರದಲ್ಲಿ ಯಾವ ಭಾಷ್ಯಕಾರನೂ ಗಟ್ಟಿಯಾಗಿ ಕೇಳಲಾರನು.

ಎರಡಂಗುಲ ತಂತಿ, ಚಿಟಿಕೆ ಬೆಸುಗೆ, ಮೇಲೊಂದು ಟೇಪು: ಚಿಕಿತ್ಸೆ ಇಷ್ಟೇ. ಅನವಶ್ಯಕವಾಗಿ ಕೊಂಡ ಸೆನ್ಸರಿನ ಹಣವನ್ನು ಮರಳಿಸಬೇಕೋ ಬೇಡವೋ ಎಂಬಲ್ಲಿ ಮಾತ್ರ ಉಭಯ ಪಂಥಗಳೂ ಏಕವಾಕ್ಯತೆಯನ್ನು ಸಾಧಿಸಿವೆ.